ಕೊರೋನಾ ಸಾಲಕ್ಕೆ ಸರ್ಕಾರದ ಗ್ಯಾರಂಟಿ ಇದೆ ಅಂತ ಕಂತು ಕಟ್ಟೋದು ಬಿಡಬಹುದಾ?

ಬಿಡಬೇಡಿ. ಮೊದಲು ಇದನ್ನೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದಿ.

ನೀವು ಬರೆದದ್ದು ಇಷ್ಟು: ಬೀದರ್‌ನಲ್ಲಿ ಅಣ್ಣತಮ್ಮ ಸೇರಿ ಪೇಪರ್ ಪ್ಲೇಟ್ ಮಾಡುವ ಸಣ್ಣ ಕಂಪನಿ ನಡೆಸುತ್ತೀರಿ. ಬ್ಯಾಂಕಿನಲ್ಲಿ ಸಿಸಿ (ಕ್ಯಾಶ್ ಕ್ರೆಡಿಟ್, ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲ) ಇದೆ. ಅದರ ಜೊತೆ ಕೊರೋನಾ ಕಾಲದಲ್ಲಿ ತೆಗೆದ ಸಾಲ ಇನ್ನೂ 3 ಲಕ್ಷ ಬಾಕಿ. ಎರಡು ಕಂತು ತಪ್ಪಿವೆ. ಪರಿಚಯದವರೊಬ್ಬರು, 'ಅದಕ್ಕೆ ನೂರಕ್ಕೆ ನೂರು ಸರ್ಕಾರದ ಗ್ಯಾರಂಟಿ ಇದೆ, ಬ್ಯಾಂಕಿಗೆ ದಿಲ್ಲಿಯಿಂದ ರೊಕ್ಕ ಬರುತ್ತೆ, ನೀವ್ಯಾಕೆ ಕಟ್ಟಬೇಕು' ಅಂದಿದ್ದಾರೆ.

ನೂರಕ್ಕೆ ನೂರು ಅನ್ನೋದು ನಿಜ. ಆದರೆ ಆ ಗ್ಯಾರಂಟಿ ಬ್ಯಾಂಕಿಗೆ ಕೊಟ್ಟದ್ದು. ನೀವು ಕಟ್ಟದಿದ್ದರೆ ಬ್ಯಾಂಕು ಎನ್‌ಸಿಜಿಟಿಸಿ ಅನ್ನುವ ಸರ್ಕಾರದ ಟ್ರಸ್ಟಿ ಕಂಪನಿಗೆ ಕ್ಲೇಮು ಹಾಕುತ್ತದೆ. ಕ್ಲೇಮಿನ ಹಣ ಬಂದಮೇಲೂ ನಿಮ್ಮಿಂದ ವಸೂಲಿ ಮಾಡೋ ಕೆಲಸ ಬ್ಯಾಂಕಿನದೇ. ವಸೂಲಾದದ್ದನ್ನು ಅದು ಆ ಟ್ರಸ್ಟಿಗೆ ತಿರುಗಿ ಕೊಡಬೇಕು. ಹಾಗಾಗಿ ನಿಮ್ಮ ಸಾಲ ನಿಮ್ಮ ಹೆಸರಲ್ಲೇ ಇರುತ್ತದೆ. ಸಿಸಿಗೆ ಮನೆಯನ್ನೋ ಜಾಗವನ್ನೋ ಅಡವಿಟ್ಟಿದ್ದರೆ ಈ ಸಾಲಕ್ಕೂ ಅದರ ಮೇಲೆ ಎರಡನೇ ಹಕ್ಕು ಬರೆಸಿಕೊಂಡಿರಬಹುದು. ಸಾಲ ಮಂಜೂರಾದಾಗ ಕೊಟ್ಟ ಸ್ಯಾಂಕ್ಷನ್ ಪತ್ರ ತೆಗೆದು 'ಸೆಕೆಂಡ್ ಚಾರ್ಜ್' ಅನ್ನೋ ಮಾತು ಎಲ್ಲಿದೆ ನೋಡಿ.

ನಾನು ಕಲಬುರಗಿಯವನು. ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ನಮ್ಮದು ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಬಿಲ್ ಬುಕ್ಕು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೋನಾ ಸಾವು ಆದದ್ದು ನಮ್ಮೂರಿನವರದು. ಬೇರೆ ಕಡೆ ಇನ್ನೂ ಅಂಗಡಿ ತೆರೆದಿದ್ದಾಗಲೇ ನಮ್ಮಲ್ಲಿ ಬೀದಿ ಖಾಲಿ. ಆ ವರ್ಷ ಬಸವ ಜಯಂತಿ, ಅಕ್ಷಯ ತೃತೀಯ ಎರಡೂ ಏಪ್ರಿಲ್ 26ಕ್ಕೆ. ನಮ್ಮ ಕಡೆ ಆ ದಿನ ಎಷ್ಟು ಲಗ್ನ ಇರುತ್ತವೆ ಅಂತ ನಿಮಗೆ ಗೊತ್ತೇ ಇದೆ. ಪತ್ರಿಕೆ ಅಚ್ಚಾಗಿ, ಮಡಚಿ, ಬಂಡಲ್ ಕಟ್ಟಿ ಇಟ್ಟಿದ್ದೆವು. ಒಬ್ಬರೂ ಒಯ್ಯಲು ಬರಲಿಲ್ಲ. ಅರಿಶಿನ ಹಚ್ಚಿಸಿಕೊಳ್ಳಬೇಕಿದ್ದ ಮೂಲೆಗಳು ಬೆಳ್ಳಗೇ ಉಳಿದವು. ಯಾರನ್ನು ಹೋಗಿ ರೊಕ್ಕ ಕೇಳೋದು? ಲಗ್ನವೇ ನಿಂತವರ ಮನೆ ಬಾಗಿಲಿಗೆ ಬಿಲ್ಲು ಹಿಡಿದು ಹೋಗಲು ನನಗೆ ಮನಸ್ಸಾಗಲಿಲ್ಲ.

ಆಗ ನಮ್ಮ ಸಿಸಿ ಮಿತಿ 20 ಲಕ್ಷ, ಅದರಲ್ಲಿ 18 ಲಕ್ಷ ತೆಗೆದಾಗಿತ್ತು. ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮಷಿನ್ ಮೇಲಿನ ಟರ್ಮ್ ಲೋನ್ 12 ಲಕ್ಷ. ಒಟ್ಟು 30. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 3 ಲಕ್ಷ ಕೋಟಿಯ ಇಸಿಎಲ್‌ಜಿಎಸ್ ಘೋಷಿಸಿತು, ನಾವು ಕೊರೋನಾ ಸಾಲ ಅನ್ನುವ ಗ್ಯಾರಂಟಿ ಸಾಲದ ಯೋಜನೆ ಇದೇ. 2020ರ ಫೆಬ್ರವರಿ 29ಕ್ಕೆ ಎಷ್ಟು ಸಾಲ ಬಾಕಿ ಇತ್ತೋ ಅದರ ಶೇಕಡ 20. ನಾಲ್ಕು ವರ್ಷದ ಅವಧಿ, ಮೊದಲ ವರ್ಷ ಬಡ್ಡಿ ಮಾತ್ರ. ಬ್ಯಾಂಕುಗಳು ಶೇಕಡ 9.25ಕ್ಕಿಂತ ಜಾಸ್ತಿ ಬಡ್ಡಿ ಹಾಕುವಂತಿಲ್ಲ. ಪ್ರೊಸೆಸಿಂಗ್ ಫೀ ಇಲ್ಲ, ಹೊಸ ಅಡಮಾನ ಇಲ್ಲ. ಜುಲೈನಲ್ಲಿ ನಮಗೆ 6 ಲಕ್ಷ ಬಂತು, ಶೇಕಡ 8ರಲ್ಲಿ. ಬಡ್ಡಿ ತಿಂಗಳಿಗೆ 4 ಸಾವಿರ. ಅದೇನು ಭಾರ ಅನಿಸಲಿಲ್ಲ.

ಈ 6 ಲಕ್ಷ ಎಲ್ಲಿ ಹೋಯಿತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ತೊಂದರೆಯೂ ಬಹುಶಃ ಇಲ್ಲೇ ಇದೆ.

ಸಿಸಿಗೆ ನಾವು ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತೇವಲ್ಲ, ಅದರಲ್ಲಿ ಮಾಲು ಮತ್ತು ಬರಬೇಕಾದ ಉದ್ರಿ ಎರಡನ್ನೂ ಕೂಡಿಸಿ, ಶೇಕಡ 25 ಮಾರ್ಜಿನ್ ಕಳೆದು, ಎಷ್ಟು ತೆಗೆಯಬಹುದು ಅಂತ ಬ್ಯಾಂಕು ಲೆಕ್ಕ ಹಾಕುತ್ತದೆ. 90 ದಿನ ದಾಟಿದ ಉದ್ರಿಯನ್ನು ನಮ್ಮ ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮದು ಪೇಪರ್ ಮಾಲು 10 ಲಕ್ಷ, ಉದ್ರಿ 16 ಲಕ್ಷ ಇತ್ತು. ಶಾಲೆಗಳು ಮುಚ್ಚಿದ್ದರಿಂದ 6 ಲಕ್ಷದ ಬಿಲ್ಲುಗಳು 90 ದಿನ ದಾಟಿದವು. ಉಳಿದದ್ದು 20 ಲಕ್ಷ, ಅದರ ಮುಕ್ಕಾಲು 15 ಲಕ್ಷ. ತೆಗೆದಿದ್ದು 18. ಅಂದರೆ ನಾನು ಹೊಸದಾಗಿ ಒಂದು ರೂಪಾಯಿ ತೆಗೆಯದೇ ಇದ್ದರೂ ಸಿಸಿ, ತೆಗೆಯಬಹುದಾದದ್ದಕ್ಕಿಂತ 3 ಲಕ್ಷ ಮೇಲಾಗಿಬಿಟ್ಟಿತು.

ಕೊರೋನಾ ಸಾಲದ ಅರ್ಧ, ಆ 3 ಲಕ್ಷ, ಹಾಗೇ ಸಿಸಿ ಗುಂಡಿ ತುಂಬಲು ಹೋಯಿತು. ಒಂದೂವರೆ ಲಕ್ಷ ಹುಡುಗರ ಪಗಾರಕ್ಕೂ ಬಾಡಿಗೆಗೂ. ಇನ್ನೊಂದೂವರೆ ಲಕ್ಷಕ್ಕೆ ಸ್ಟಿಕರ್ ಪೇಪರ್ ತಂದೆ. ನಮ್ಮಲ್ಲಿ ಏನೇ ನಿಂತರೂ ತೊಗರಿ ಬೇಳೆ ನಿಲ್ಲಲಿಲ್ಲ. ದಾಲ್ ಮಿಲ್ಲಿನವರು ಅರ್ಧ ಕೆಜಿ, ಒಂದು ಕೆಜಿ ಪ್ಯಾಕೆಟ್ ಮಾಡುತ್ತಿದ್ದರು, ಅದಕ್ಕೆ ಲೇಬಲ್ ಬೇಕಿತ್ತು. ಆ ವರ್ಷ ಪ್ರೆಸ್ಸಿನ ಬಾಗಿಲು ತೆರೆದಿದ್ದದ್ದು ಆ ಲೇಬಲ್‌ನಿಂದ. ಸಾಲದ ಆ ಕಾಲು ಭಾಗ ಮಾತ್ರ ತಿರುಗಿ ದುಡಿದು ತಂದಿತು. ಸಿಸಿಗೆ ಹಾಕಿದ 3 ಲಕ್ಷ ನನ್ನ ಖಾತೆಯನ್ನು ಸರಿಯಾಗಿ ತೋರಿಸಿತು ಅಷ್ಟೇ, ಏನೂ ದುಡಿಯಲಿಲ್ಲ. ಆದರೆ ಅದಕ್ಕೂ ಅಸಲು ಕಟ್ಟಲೇಬೇಕಲ್ವಾ? ಕಂತಿನ ದಿನ ಬಂದಾಗ ನಾನು ಸಿಸಿಯಿಂದ ತೆಗೆದು ಈ ಸಾಲಕ್ಕೆ ಕಟ್ಟಲು ಶುರು ಮಾಡಿದೆ. ನಿಮ್ಮ ಎರಡು ಕಂತು ತಪ್ಪಿದ್ದು ಸಿಸಿ ಪೂರ್ತಿ ತುಂಬಿಹೋಗಿದ್ದಕ್ಕಾ, ಪಾಸ್‌ಬುಕ್ ಹಿಡಿದು ಒಮ್ಮೆ ನೋಡಿ. ಹಾಗಿದ್ದರೆ ಸರಿಮಾಡಬೇಕಾದದ್ದು ಸಿಸಿ. ಹಳೇ ಉದ್ರಿ ವಸೂಲಿಗೆ ಇಬ್ಬರಲ್ಲಿ ಒಬ್ಬರು ದಿನಾ ಹೊರಗೆ ಹೊರಡಲೇಬೇಕು.

ಮೊದಲ ವರ್ಷ ಮುಗಿಯುವ ಹೊತ್ತಿಗೆ, 2021ರ ಬೇಸಿಗೆಯಲ್ಲಿ, ಎರಡನೇ ಅಲೆ. ಮತ್ತೆ ಲಗ್ನ ಇಲ್ಲ. ಕಂತು ಮಾತ್ರ 18,800ಕ್ಕೆ ಏರಲಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬ್ಯಾಂಕಿನಿಂದ ಯಾರೂ ಏನೂ ಹೇಳಲಿಲ್ಲ. ಪೇಪರ್ ಅಂಗಡಿಯಲ್ಲಿ ಸಿಕ್ಕ ಇನ್ನೊಬ್ಬ ಪ್ರೆಸ್ಸಿನವರು ಹೇಳಿದ್ದರಿಂದ ಗೊತ್ತಾಯಿತು, ಆ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಸಾಲ ಮರುಹೊಂದಿಕೆಗೆ, ಅಂದರೆ ಕಂತು ಅವಧಿ ಬದಲಿಸಿಕೊಳ್ಳಲು, ಅವಕಾಶ ಕೊಟ್ಟಿದೆ, ಹಾಗೆ ಮಾಡಿಸಿಕೊಂಡವರಿಗೆ ಇಸಿಎಲ್‌ಜಿಎಸ್ ಅವಧಿ ಐದು ವರ್ಷ ಆಗುತ್ತದೆ, ಬಡ್ಡಿ ಮಾತ್ರ ಕಟ್ಟುವುದು ಎರಡು ವರ್ಷ ಅಂತ. ಮರುದಿನವೇ ಅರ್ಜಿ ಬರೆದು ಕೊಟ್ಟೆ. ಎರಡು ಪ್ರತಿ, ಒಂದರ ಮೇಲೆ ಸೀಲು ಹಾಕಿಸಿಕೊಂಡೆ. ಆಯಿತು. ಇನ್ನೂ ಶೇಕಡ 10 ಸಾಲ ಕೊಡುತ್ತೇವೆ ಅಂದರು, ಬೇಡ ಅಂದೆ. ಆ 'ಬೇಡ' ನಾನು ತೆಗೆದುಕೊಂಡ ಒಳ್ಳೆ ನಿರ್ಧಾರ ಅಂತ ಈಗಲೂ ಅನಿಸುತ್ತದೆ. 2025ರ ಜುಲೈಗೆ ಕೊನೇ ಕಂತು ಮುಗಿಯಿತು.

ಅದಕ್ಕೂ ಬೆಲೆ ತೆತ್ತೆ. ನಮ್ಮ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ಮರುಹೊಂದಿಕೆ ಅಂತ ದಾಖಲಾಯಿತು. ಮುಂದೆ ಕಟಿಂಗ್ ಮಷಿನ್‌ಗೆ ಸಾಲ ಕೇಳಿದಾಗ ಬೇರೊಂದು ಬ್ಯಾಂಕು ಅದನ್ನೇ ತೋರಿಸಿ ಇಲ್ಲ ಅಂದಿತು. ಆದರೂ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುವುದಕ್ಕಿಂತ ಎಷ್ಟೋ ವಾಸಿ.

ಈಗ ನಿಮ್ಮ ವಿಷಯ. ಆ ಅವಕಾಶಗಳೆಲ್ಲ ಮುಗಿದಿವೆ, ಇಸಿಎಲ್‌ಜಿಎಸ್ ಸಹ 2023ರ ಮಾರ್ಚ್ 31ಕ್ಕೆ ನಿಂತಿತು. ಎರಡು ಕಂತು ತಪ್ಪಿದೆ ಅಂದರೆ ಕಂತು ಬಾಕಿ ಉಳಿದು 90 ದಿನ ಆಗಲು ಹತ್ತಿರ ಬಂದಿದ್ದೀರಿ. ದಾಟಿದರೆ ಆ 3 ಲಕ್ಷದ ಸಾಲ ಒಂದೇ ಎನ್‌ಪಿಎ ಆಗುವುದಿಲ್ಲ. ಅದೇ ಬ್ಯಾಂಕಿನಲ್ಲಿ ನಿಮ್ಮ ಕಂಪನಿ ಹೆಸರಿನ ಎಲ್ಲ ಸಾಲವೂ, ಸಿಸಿ ಸೇರಿ, ಎನ್‌ಪಿಎ ಆಗುತ್ತದೆ. ಆಮೇಲೆ ಒಂದು ಕಂತು ಕಟ್ಟಿದರೆ ಸಾಲದು, ಅಲ್ಲಿವರೆಗೆ ತಪ್ಪಿದ ಅಸಲು ಬಡ್ಡಿ ಪೂರ್ತಿ ಕಟ್ಟಿದರೆ ಮಾತ್ರ ಖಾತೆ ಮೊದಲಿನಂತಾಗುತ್ತದೆ. ನಿಮ್ಮ ಪರಿಚಯದವರು ಇದನ್ನು ಹೇಳಿರಲಿಕ್ಕಿಲ್ಲ.

ದಿನದ ಲೆಕ್ಕ ಎಲ್ಲಕ್ಕಿಂತ ಹಳೇ ಬಾಕಿಯಿಂದ ಶುರುವಾಗುತ್ತದೆ. ಅದಕ್ಕೆ ಈ ವಾರವೇ, ಯಾರ ಹತ್ತಿರವಾದರೂ ಕೈಗಡ ತಂದಾದರೂ, ಮೊದಲು ತಪ್ಪಿದ ಆ ಒಂದು ಕಂತು ಕಟ್ಟಿ. ಒಂದು ತಿಂಗಳು ಉಸಿರಾಡಲು ಸಿಗುತ್ತದೆ. ಆ ತಿಂಗಳಲ್ಲಿ ಬ್ರಾಂಚಿಗೆ ಬರಹದಲ್ಲಿ ಅರ್ಜಿ ಕೊಡಿ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ಇದ್ದರೆ, 2016ರಲ್ಲಿ ರಿಸರ್ವ್ ಬ್ಯಾಂಕು ಮಾಡಿದ ಸಣ್ಣ ಉದ್ಯಮಗಳ ಪುನಶ್ಚೇತನ ಚೌಕಟ್ಟಿನ ಕೆಳಗೆ ನಮ್ಮ ಖಾತೆಯನ್ನು ಬ್ಯಾಂಕಿನ ಸಮಿತಿ ಮುಂದೆ ಇಡಿ ಅಂತ ನೀವೇ ಕೇಳಬಹುದು. ಬರಿಗೈಲಿ ಹೋಗಬೇಡಿ. ಯಾರಿಂದ ಎಷ್ಟು ಬರಬೇಕು, ಎಂದು ಬರಬಹುದು, ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಇಬ್ಬರೂ ಹೋಗಿ. ಪ್ರೈವೇಟ್ ಲಿಮಿಟೆಡ್ ಇದ್ದರೂ ಸಿಸಿಗೆ ಇಬ್ಬರೂ ಸ್ವಂತ ಜಾಮೀನು ಹಾಕಿರುತ್ತೀರಿ, ಮನೆಯ ಹಿರಿಯರೂ ಹಾಕಿರಬಹುದು. ಅವರಿಗೆ ನೋಟಿಸು ಅಂಚೆಯಲ್ಲಿ ಬರುವ ಮೊದಲು ನೀವೇ ಬಾಯಿಬಿಟ್ಟು ಹೇಳಿ.

ಸ್ಯಾಂಕ್ಷನ್ ಪತ್ರದಲ್ಲಿ ಕಂತು ಮುಗಿಯುವ ತಿಂಗಳು, ಎರಡನೇ ಹಕ್ಕಿನ ಮಾತು ಹೇಗೆ ಬರೆದಿದೆ ಅಂತ ಖಾತೆ ನಂಬರು ಬಿಟ್ಟು ಇಲ್ಲಿ ಬರೆಯಿರಿ. ಸಂಜೆ ಪ್ರೆಸ್ ಮುಚ್ಚಿದ ಮೇಲೆ ನೋಡಿ ಉತ್ತರ ಕೊಡುತ್ತೇನೆ.