ಕಕ್ಕಡದ ಬಟ್ಟೆ, ಕಾಡಿನ ಹೊಗೆ, ಪಕ್ಕದ ತೋಟದ ಮರ

ಕೊಡಗಿನ ಭಾಗಮಂಡಲದ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಮಗಳ ಪಾಠಪುಸ್ತಕದಲ್ಲಿ ಒಂದು ಚಿತ್ರವಂತೆ: ಮೇಲೆ ಸೂರ್ಯ, ಕೆಳಗೆ ಸಮುದ್ರ, ನಡುವೆ ಮೇಲೇರುವ ಬಾಣಗಳು. ‘ನಮ್ಮಲ್ಲಿ ಜುಲೈ-ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಹಾಗಾದರೆ ನಮ್ಮೂರಿಗೆ ಬಾಣವೇ ಇಲ್ಲವೆ? ಮಳೆ ಬಿಟ್ಟ ಗಳಿಗೆಯಲ್ಲಿ ಕಾಡಿನಿಂದ ಏಳುವ ಬಿಳಿ ಹೊಗೆ ಆವಿಯೆ? ಮರಗಳು ನೀರು ಕುಡಿದು ಮುಗಿಸುತ್ತವೆ ಎಂದು ಪಕ್ಕದ ಕಾಫಿ ತೋಟದವರು ನೆರಳು ಮರ ಕಡಿಸುತ್ತಿದ್ದಾರೆ, ಅದು ಸರಿಯೆ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಚಿತ್ರದಲ್ಲಿ ಸಮುದ್ರ ಇರುವುದು ಸರಿಯೇ. ಜಗತ್ತಿನಲ್ಲಿ ಆವಿಯಾಗುವ ನೀರಿನ ಸುಮಾರು ಶೇ 85 ಭಾಗ ಏಳುವುದು ಸಮುದ್ರದಿಂದ. ನಿಮ್ಮ ಹಂಚಿನ ಮೇಲೆ ಸುರಿಯುವ ಮುಂಗಾರು ಕೂಡ ಅರಬ್ಬಿ ಸಮುದ್ರದಿಂದ, ಅದರಾಚೆ ಸಮಭಾಜಕ ವೃತ್ತದ ದಕ್ಷಿಣದ ಹಿಂದೂ ಮಹಾಸಾಗರದಿಂದ ಎದ್ದು, ಸೊಮಾಲಿಯಾ ಕರಾವಳಿಯ ಬಳಿ ತಿರುಗಿ ಬಂದ ನೀರು. ನನ್ನ ತಕರಾರು ಇರುವುದು ಆ ಸೂರ್ಯನ ಬಗ್ಗೆ. ಅದನ್ನು ನೋಡಿದ ಮಗು, ಬಿಸಿಲಿದ್ದಲ್ಲಿ ಮಾತ್ರ ನೀರು ಆವಿಯಾಗುತ್ತದೆ ಎಂದುಕೊಳ್ಳುತ್ತದೆ.

ನೀರಿನ ಮೇಲ್ಮೈಯಿಂದ ವೇಗದ ಅಣುಗಳು ಸದಾ ಗಾಳಿಗೆ ಜಿಗಿಯುತ್ತಿರುತ್ತವೆ. ಅದಕ್ಕೆ ಕುದಿಯಬೇಕಿಲ್ಲ, ರಾತ್ರಿಯಾದರೂ ಸರಿಯೆ. ಗಾಳಿಯಲ್ಲಿ ಮೊದಲೇ ಇರುವ ಆವಿಯಿಂದ ಅಣುಗಳು ವಾಪಸೂ ಬರುತ್ತಿರುತ್ತವೆ. ಹೋಗುವವು ಹೆಚ್ಚಾದರೆ ಬಟ್ಟೆ ಒಣಗುತ್ತದೆ, ಎರಡೂ ಸಮವಾದರೆ ಇಲ್ಲ. ಗಾಳಿ ಇನ್ನೆಷ್ಟು ಆವಿ ಹಿಡಿಯಬಲ್ಲದು, ಎಷ್ಟು ಜೋರಾಗಿ ಬೀಸುತ್ತದೆ ಎಂಬುದರ ಮೇಲೆ ಲೆಕ್ಕ ನಿಂತಿದೆ ಎಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ 1802ರಲ್ಲೇ ತೋರಿಸಿದ್ದ.

ಕಕ್ಕಡದ ಗಾಳಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ತಾಪದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿ ಹಿಡಿಯುತ್ತದೆ, ಮತ್ತು ಅಷ್ಟನ್ನೂ ಹೊತ್ತೇ ಅದು ನಿಮ್ಮ ಅಂಗಳಕ್ಕೆ ಬರುತ್ತದೆ. ಅಂದರೆ ಬಾಣ ಇದೆ, ಎದುರಿಗೆ ಅಷ್ಟೇ ದಪ್ಪದ ಇನ್ನೊಂದು ಬಾಣವೂ ಇದೆ. ಅದೇ ಗಾಳಿ ಅಡುಗೆಮನೆಯ ಒಲೆಯ ಮೇಲೆ 30 ಡಿಗ್ರಿಗೆ ಏರಿದರೆ 30 ಗ್ರಾಂವರೆಗೂ ಹಿಡಿಯಬಲ್ಲದು. ಒಲೆಯ ಮೇಲಿನ ಹಗ್ಗಕ್ಕೆ ಬಟ್ಟೆ ಹಾಕುವ ಮನೆಯವರಿಗೆ ಈ ಅಂಕಿಗಳು ಬೇಕಿಲ್ಲ. ಮಡಿಕೇರಿಯಲ್ಲಿ ಜಡಿಮಳೆ ಹಿಡಿದ ದಿನವೂ ಕುಶಾಲನಗರದಲ್ಲಿ ಬಟ್ಟೆ ಒಣಗಬಹುದು. ಬೆಟ್ಟ ದಾಟಿ ನೀರು ಕಳೆದುಕೊಂಡ ಗಾಳಿ ಇಳಿಯುತ್ತ ಬೆಚ್ಚಗಾಗಿರುತ್ತದೆ.

ಜನವರಿಯ ಕಾಫಿ ಕಣಕ್ಕೆ ಬನ್ನಿ. ಚಳಿಯೇ ಇದ್ದರೂ ಹಣ್ಣು ಒಣಗುತ್ತದೆ, ಏಕೆಂದರೆ ಗಾಳಿ ಒಣ. ದಿನಕ್ಕೆ ಹಲವು ಸಲ ಕೈಯಾಡಿಸುವುದು ಕಾಳುಗಳ ನಡುವೆ ಸಿಕ್ಕಿಕೊಂಡ ತೇವದ ಗಾಳಿಯನ್ನು ಬಿಡಿಸಲು. ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸದಿದ್ದರೆ ರಾತ್ರಿಯ ಇಬ್ಬನಿ ಹಗಲಿನ ದುಡಿಮೆಯನ್ನು ವಾಪಸು ಕೊಂಡೊಯ್ಯುತ್ತದೆ. ಸಮುದ್ರದಲ್ಲೂ ಕತೆ ಇದೇ. ಅತಿ ಹೆಚ್ಚು ನೀರು ಆವಿಯಾಗುವುದು ಸಮಭಾಜಕ ವೃತ್ತದ ಮೇಲಲ್ಲ, ಅಲ್ಲಿ ಮೋಡ ಹೆಚ್ಚು, ಗಾಳಿ ತೇವ, ಬೀಸುವುದೂ ಕಡಿಮೆ. ಅದರ ಎರಡೂ ಬದಿಯ ಒಣಗಾಳಿಯ ಪಟ್ಟಿಗಳಲ್ಲಿ ಹೆಚ್ಚು. ಮರುಭೂಮಿಗಳ ನಡುವಿನ ಕೆಂಪು ಸಮುದ್ರ ವರ್ಷಕ್ಕೆ ಸುಮಾರು 2 ಮೀಟರ್ ನೀರು ಕಳೆದುಕೊಳ್ಳುತ್ತದೆ.

ಇನ್ನು ಕಾಡಿನ ಹೊಗೆ. ಆವಿ ಕಣ್ಣಿಗೆ ಕಾಣುವುದಿಲ್ಲ. ನೀವು ಕಂಡದ್ದು ಆವಿ ತಣಿದು ಮತ್ತೆ ಹನಿಯಾದ ನೀರು. ಮಳೆ ಬಿಟ್ಟಾಗ ಪ್ರತಿ ಎಲೆಯ ಮೇಲೂ ನೀರಿನ ಪದರ ಇರುತ್ತದೆ. ಬಿಸಿಲಿನ ಒಂದು ಎಳೆ ಬಿದ್ದರೂ ಸಾಕು, ಎಲೆ ಬೆಚ್ಚಗಾಗಿ ನೀರು ಏಳುತ್ತದೆ, ಮೇಲಿನ ತಂಪುಗಾಳಿಯಲ್ಲಿ ಬೆಳ್ಳಗೆ ಹೊರಬೀಳುತ್ತದೆ. ನೆಲ ಮುಟ್ಟದೆಯೇ ಆಕಾಶಕ್ಕೆ ಮರಳುವ ಈ ಪಾಲು ಜಿಟಿಜಿಟಿ ಮಳೆಯಲ್ಲಿ ದೊಡ್ಡದು, ಜಡಿಮಳೆಯಲ್ಲಿ ಸಣ್ಣದು.

ಮೂರನೆಯ ಪ್ರಶ್ನೆಯೇ ನಿಜವಾಗಿ ತೂಕದ್ದು. ಮರ ನೀರು ಕುಡಿಯುತ್ತದೆ, ಅದರಲ್ಲಿ ಅನುಮಾನ ಬೇಡ. ನೆಲದ ಮೇಲಿನಿಂದ ಆಗುವ ಆವಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆರೆ, ನದಿಗಳದ್ದಲ್ಲ, ಗಿಡಮರಗಳ ಎಲೆಗಳದ್ದು. ಎಲೆಯ ಸೂಕ್ಷ್ಮ ರಂಧ್ರಗಳು, ಕಾಫಿಯಲ್ಲಾದರೆ ಅಡಿಭಾಗದಲ್ಲಿರುವವು, ಇಂಗಾಲದ ಡೈಆಕ್ಸೈಡ್‌ಗೆಂದು ಬಾಗಿಲು ತೆರೆದಾಗ ನೀರು ಹೊರಟುಹೋಗುತ್ತದೆ. ಬರಿಯ ಮಣ್ಣು ಹಾಗಲ್ಲ: ಮೇಲಿನ ಕೆಲವು ಅಂಗುಲ ಒಣಗಿದ ಮೇಲೆ ಆ ಒಣ ಪದರವೇ ಕೆಳಗಿನ ತೇವಕ್ಕೆ ಮುಚ್ಚಳವಾಗುತ್ತದೆ. ಮರದ ಬೇರು ಆ ಮುಚ್ಚಳದ ಅಡಿಯಿಂದ ಸೇದುತ್ತದೆ. ನಿಮ್ಮ ನೆರೆಯವರ ವಾದಕ್ಕೆ ಇಷ್ಟರಮಟ್ಟಿಗೆ ಬಲ ಇದೆ.

ಆದರೆ ಅವರು ಖರ್ಚಿನ ಪುಟ ಮಾತ್ರ ಓದಿದ್ದಾರೆ. ಒಂದು ಲೀಟರ್ ನೀರು ಆವಿಯಾಗಲು, ಅಷ್ಟೇ ನೀರನ್ನು 20ರಿಂದ 100 ಡಿಗ್ರಿಗೆ ಕಾಯಿಸಲು ಬೇಕಾದ ಶಾಖದ ಏಳು ಪಟ್ಟಿಗೂ ಹೆಚ್ಚು ಶಾಖ ಬೇಕು. ಮಾರ್ಚ್ ಬಿಸಿಲಲ್ಲಿ ಈ ಶಾಖವನ್ನು ನೆರಳು ಮರದ ಎಲೆಗಳು ಮೇಲೆಯೇ ಖರ್ಚು ಮಾಡುತ್ತವೆ. ಮರ ಹೋದರೆ ಅದೇ ಬಿಸಿಲು, ತಡೆಯಿಲ್ಲದ ಅದೇ ಒಣಗಾಳಿ, ನೇರ ಕಾಫಿ ಎಲೆಯ ಮೇಲೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ತಡವಾದ ವರ್ಷದಲ್ಲಿ ಬಾಡುವುದು ಬಯಲಿಗೆ ಬಿದ್ದ ಗಿಡಗಳೇ ಮೊದಲು. ಉದುರಿದ ತರಗೆಲೆಯ ಹೊದಿಕೆಯೂ ಹೋಗುತ್ತದೆ. ಯಾವ ಮರ, ಎಷ್ಟು ದಟ್ಟ, ಮಣ್ಣು ಎಷ್ಟು ಆಳ ಎಂದು ನೋಡದೆ ಕೊಡಲಿ ಎತ್ತುವುದು ನನಗೆ ಒಪ್ಪಿಗೆಯಿಲ್ಲ. ನೆರಳು ಅತಿಯಾಗಿದೆ ಎನಿಸಿದರೆ ಮರಗಸಿ ಇದ್ದೇ ಇದೆಯಲ್ಲ. ಮುಂಗಾರಿಗೆ ಮುಂಚೆ ಕೊಂಬೆ ಸವರಿದರೆ ಮೋಡದ ತಿಂಗಳುಗಳಲ್ಲಿ ಗಿಡಕ್ಕೆ ಬೆಳಕು ಸಿಗುತ್ತದೆ, ಬೇಸಿಗೆಯ ಹೊತ್ತಿಗೆ ಚಿಗುರು ಮತ್ತೆ ನೆರಳಾಗಿರುತ್ತದೆ.