ಮೊಬೈಲ್ ಇದ್ದರೂ ಜನ ಸೈಬರ್ ಸೆಂಟರ್‌ಗೆ ಹೋಗುವುದೇಕೆ? ಅಲ್ಲಿ ಅಪಾಯ ಏನಾದರೂ ಇದೆಯಾ?

ಮುಖ್ಯವಾಗಿ ಅರ್ಜಿ ಹಾಕಲು. ಸುಮ್ನೆ ಇಂಟರ್‌ನೆಟ್ ನೋಡಲು ಈಗ ಅಲ್ಲಿಗೆ ಹೋಗುವವರು ಕಡಿಮೆ. ಸಿಇಟಿ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ಇಂಥವೇ ಜಾಸ್ತಿ. ಫೋಟೊ ಇಷ್ಟೇ ಕೆಬಿ ಇರಬೇಕು, ಸಹಿ ಬೇರೆ ಸ್ಕ್ಯಾನ್ ಮಾಡಬೇಕು ಅಂತ ಫಾರ್ಮ್ ಕೇಳಿದಾಗ ಸೆಂಟರ್‌ನವರು ಎರಡೇ ನಿಮಿಷದಲ್ಲಿ ಸರಿಮಾಡಿ ಪ್ರಿಂಟ್ ಕೈಗಿಡುತ್ತಾರೆ. ಇಂಗ್ಲಿಷ್ ಬಾರದವರಿಗೆ ಅದು ದೊಡ್ಡ ಆಸರೆ.

ಅಪಾಯ ಶುರುವಾಗುವುದು ನಾವು ಎದ್ದು ಬಂದ ಮೇಲೆ. ಎಷ್ಟೋ ಕಡೆ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಯಾರ್ಯಾರದೋ ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಪುಟ ಸಾಲಾಗಿ ಬಿದ್ದಿರುತ್ತವೆ. ವಾಟ್ಸಾಪ್‌ನಲ್ಲಿ ಕಳಿಸಿದ ಫೈಲ್ ಅವರ ಫೋನಿನಲ್ಲೇ ಉಳಿಯುತ್ತದೆ. ನನ್ನ ತಂಗಿಯ ಅರ್ಜಿಗೆ ಅವಸರದಲ್ಲಿ ಸೆಂಟರ್‌ನವರ ನಂಬರನ್ನೇ ಹಾಕಿಬಿಟ್ಟಿದ್ದರು. ತಿದ್ದುಪಡಿಯ ಕೊನೆಯ ದಿನ ಒಟಿಪಿ ಬಂದದ್ದು ಅವರಿಗೆ. ಹೋಗಿ ನೋಡಿದರೆ ಬಾಗಿಲು ಹಾಕಿತ್ತು. ಅವತ್ತು ಅವಳು ಅತ್ತದ್ದು ಇನ್ನೂ ಕಣ್ಣ ಮುಂದಿದೆ.

ಹಾಗಾಗಿ ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಕೊಡಿ. ಪಾಸ್‌ವರ್ಡ್ ನೀವೇ ಟೈಪ್ ಮಾಡಿ. ಸಾಧ್ಯವಿದ್ದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಏಳುವ ಮುಂಚೆ ಲಾಗ್‌ಔಟ್ ಆಗಿ, ಫೈಲ್ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ಬ್ಯಾಂಕ್ ವ್ಯವಹಾರ ಮಾತ್ರ ಅಲ್ಲಿ ಬೇಡವೇ ಬೇಡ. ಒತ್ತಿದ ಕೀಲಿಗಳನ್ನೆಲ್ಲ ಗುಟ್ಟಾಗಿ ದಾಖಲಿಸುವ ಸಾಫ್ಟ್‌ವೇರ್ ಇದ್ದರೆ ನಮಗೆ ಗೊತ್ತೇ ಆಗುವುದಿಲ್ಲ.

ಗುರುತಿನ ಚೀಟಿ ಕೇಳಿದರೆ ಬೇಸರ ಬೇಡ. ಹೆಸರು ಬರೆದಿಡಬೇಕು ಅಂತ 2011ರ ಕೇಂದ್ರದ ನಿಯಮವೇ ಇದೆ.