ಅಮಾಸ್ಯ: ಇಷ್ಟು ಇಕ್ಕಟ್ಟಾದ ಕಣಿವೆಗೆ ಅಷ್ಟು ದೊಡ್ಡ ಇತಿಹಾಸ ಹೇಗೆ ಬಂತು?

ಟರ್ಕಿಯ ಬೆಟ್ಟಗಳ ನಡುವೆ ಸಿಕ್ಕಿಕೊಂಡಿರುವ ಅಮಾಸ್ಯದಂಥ ಊರು ರಾಜಧಾನಿ ಹೇಗಾಯಿತು, ಸುಲ್ತಾನರು ಮಕ್ಕಳನ್ನು ಅಲ್ಲಿಗೇ ಯಾಕೆ ಕಳಿಸುತ್ತಿದ್ದರು ಅಂತ ನೀವು ಕೇಳಿದ್ದೀರಿ. ಟರ್ಕಿಯ ಊರುಗಳ ಬಗ್ಗೆ ಓದುವಾಗ ನಾನು ಮತ್ತೆ ಮತ್ತೆ ಮರಳುವ ಊರು ಇದು. ನನ್ನ ಪ್ರಕಾರ ಉತ್ತರ ಆ ಇಕ್ಕಟ್ಟಿನಲ್ಲೇ ಇದೆ.

ಕಪ್ಪು ಸಮುದ್ರದ ಉದ್ದಕ್ಕೂ ಪಾಂಟಿಕ್ ಬೆಟ್ಟಸಾಲು ನಿಂತಿದೆ. ಅದನ್ನು ಸೀಳಿಕೊಂಡು ಸಮುದ್ರ ಸೇರುವ ನದಿಗಳಲ್ಲಿ ಯೆಶಿಲ್‌ಇರ್ಮಾಕ್ ಒಂದು. ಅಮಾಸ್ಯ ಅದರ ಎರಡೂ ದಡಗಳಲ್ಲಿದೆ. ಒಳನಾಡಿನಿಂದ ಸಾಮ್ಸುನ್ ಬಂದರಿಗೆ ಹೋಗುವ ದಾರಿ ಇಲ್ಲೇ ಹಾದುಹೋಗುತ್ತದೆ. ಊರಿನ ನೆತ್ತಿಯ ಮೇಲೆ ಹರ್ಶೆನಾ ಬೆಟ್ಟ, ಅದರ ಮೇಲೆ ಕೋಟೆ. ಕಣಿವೆ ಅಗಲವಾಗುವ ಕಡೆ ತೋಟಗಳು. ಅಮಾಸ್ಯದ ಸೇಬಿಗೆ ಟರ್ಕಿಯಲ್ಲೆಲ್ಲ ಹೆಸರಿದೆ. ದಾರಿ, ನೀರು, ರಕ್ಷಣೆ ಮೂರೂ ಒಂದೇ ಕಡೆ ಸಿಕ್ಕರೆ ಯಾವ ರಾಜ ಬಿಡುತ್ತಾನೆ?

ಇದನ್ನು ಚೆನ್ನಾಗಿ ವಿವರಿಸಿದವನು ಅದೇ ಊರಿನ ಮಗ ಸ್ಟ್ರಾಬೋ. ಕ್ರಿ.ಪೂ. 64ರ ಸುಮಾರಿಗೆ ಹುಟ್ಟಿದ ಈ ಗ್ರೀಕ್ ಭೂಗೋಳಕಾರ ತನ್ನ ಊರಿನ ಬಗ್ಗೆ ಅಭಿಮಾನದಿಂದ ಬರೆದಿದ್ದಾನೆ: ಆಳವಾದ ಕಣಿವೆ, ನದಿಗೆ ಕಡಿದಾಗಿ ಇಳಿಯುವ ಬಂಡೆ, ಎರಡು ಸೇತುವೆ, ರಾಜರ ಅರಮನೆ, ಸಮಾಧಿ. ನನಗೆ ಜಾಸ್ತಿ ಹಿಡಿಸಿದ ವಿವರ ಬೇರೆ. ಕೋಟೆಯೊಳಗೆ ನೀರಿನ ತೊಟ್ಟಿಗಳಿದ್ದವು, ನೀರಿಗಾಗಿ ಬಂಡೆ ಕೊರೆದು ಎರಡು ಸುರಂಗ ಮಾಡಿದ್ದರು, ಒಂದು ನದಿಯ ಕಡೆಗೇ ಇಳಿಯುತ್ತಿತ್ತು ಅನ್ನುತ್ತಾನೆ. ಮುತ್ತಿಗೆ ಹಾಕಿದವರು ನೀರು ನಿಲ್ಲಿಸಿ ಕೋಟೆ ಗೆಲ್ಲುವಂತಿರಲಿಲ್ಲ.

ಅವನು ಹೇಳಿದ ಸಮಾಧಿಗಳು ಈಗಲೂ ಇವೆ. ಕಪ್ಪು ಸಮುದ್ರದ ತೀರದ ಪಾಂಟಸ್ ಅನ್ನುವ ಹಳೆಯ ರಾಜ್ಯಕ್ಕೆ ಅಮಾಸ್ಯವೇ ರಾಜಧಾನಿಯಾಗಿತ್ತು. ಅದರ ರಾಜರು ಸುಣ್ಣಕಲ್ಲಿನ ಬಂಡೆಯಲ್ಲಿ ಅವನ್ನು ಕೊರೆಸಿದರು. ಕ್ರಿ.ಪೂ. 183ರಲ್ಲಿ ಸಿನೋಪ್ ಬಂದರು ಅವರ ಕೈಗೆ ಸಿಕ್ಕಿತು, ಆಮೇಲೆ ರಾಜಧಾನಿ ಅಲ್ಲಿಗೆ ಹೋಯಿತು.

ಒಟ್ಟೋಮನ್ನರ ಕಾಲದಲ್ಲಿ ಅಮಾಸ್ಯಕ್ಕೆ ಮತ್ತೆ ಮಹತ್ವ ಬಂತು. 1402ರಲ್ಲಿ ತೈಮೂರ್ ಅಂಕಾರಾ ಬಳಿ ಸುಲ್ತಾನನನ್ನೇ ಸೆರೆಹಿಡಿದ. ಆಗ ಆ ಸುಲ್ತಾನನ ಮಗ ಮೆಹ್ಮದ್ ಇಲ್ಲಿ ನೆಲೆ ಮಾಡಿಕೊಂಡು, ಅಣ್ಣತಮ್ಮಂದಿರ ಜೊತೆ ಹೋರಾಡಿ, 1413ರಲ್ಲಿ ರಾಜ್ಯ ಒಂದು ಮಾಡಿದ. ಮುಂದೆ ರಾಜಕುಮಾರರು ಆಡಳಿತ ಕಲಿಯಲು ಇಲ್ಲಿಗೆ ಬರುತ್ತಿದ್ದರು. ಎರಡನೇ ಬಾಯೆಜಿದ್ 1481ರಲ್ಲಿ ಇಲ್ಲಿಂದಲೇ ಹೋಗಿ ಸುಲ್ತಾನನಾದ. 1555ರಲ್ಲಿ ಸುಲ್ತಾನ ಸುಲೇಮಾನ್ ಇರಾನ್ ಆಳುತ್ತಿದ್ದ ಸಫಾವಿಗಳ ಜೊತೆ ಒಪ್ಪಂದ ಮಾಡಿಕೊಂಡದ್ದೂ ಇಲ್ಲೇ.

ಮೊದಲ ಮಹಾಯುದ್ಧದಲ್ಲಿ ಒಟ್ಟೋಮನ್ನರು ಸೋತ ಮೇಲೆ, 1919ರಲ್ಲೂ ಅದೇ ಕಥೆ. ಮೇ 19ಕ್ಕೆ ಸಾಮ್ಸುನ್‌ನಲ್ಲಿ ಇಳಿದ ಮುಸ್ತಫಾ ಕೆಮಾಲ್ (ಮುಂದೆ ಟರ್ಕಿ ಗಣರಾಜ್ಯ ಕಟ್ಟಿದ ಅತಾತುರ್ಕ್), ಬ್ರಿಟಿಷ್ ಸೈನಿಕರಿದ್ದ ಆ ತೀರ ಬಿಟ್ಟು ಒಳಗೆ ಬಂದ. ಜೂನ್ 22ರಂದು ಅಮಾಸ್ಯದಿಂದಲೇ ಸುತ್ತೋಲೆ ಹೊರಟಿತು: ದೇಶದ ಸ್ವಾತಂತ್ರ್ಯವನ್ನು ಜನರ ಸಂಕಲ್ಪವೇ ಉಳಿಸಬೇಕು ಅಂತ.

ನೀವು ಹೋಗುವುದಾದರೆ ಒಂದು ಮಾತು. ಸಮಾಧಿ, ನದಿದಡದ ಮರದ ಮನೆಗಳು, ಇಷ್ಟು ನೋಡಿ ಹೊರಟುಬಿಡಬೇಡಿ. ಮಂಗೋಲರ ಆಳ್ವಿಕೆಯಲ್ಲಿ, 1308ರ ಸುಮಾರಿಗೆ ಕಟ್ಟಿದ ಆಸ್ಪತ್ರೆಯೊಂದು ಅಲ್ಲಿದೆ. 15ನೇ ಶತಮಾನದಲ್ಲಿ ಸಬುಂಜುಓಲು ಶೆರಾಫೆದ್ದೀನ್ ಅನ್ನುವ ವೈದ್ಯ ಅಲ್ಲಿ ಕೆಲಸ ಮಾಡಿದ. ಶಸ್ತ್ರಚಿಕಿತ್ಸೆಯ ಬಗ್ಗೆ 1465ರಲ್ಲಿ ಅವನು ಚಿತ್ರಗಳಿರುವ ಪುಸ್ತಕ ಬರೆದ, ಅದೂ ಅರಬ್ಬಿಯಲ್ಲಲ್ಲ, ಜನರ ಟರ್ಕಿಶ್‌ನಲ್ಲಿ. ಆ ಕಟ್ಟಡ ಈಗ ವೈದ್ಯಕೀಯ ಇತಿಹಾಸದ ಮ್ಯೂಸಿಯಂ. ಅದಕ್ಕೇ ಅಂತ ಅರ್ಧ ದಿನ ಇಟ್ಟುಕೊಳ್ಳಿ.